ಬಿಯರ್ ಹಬ್ಬದ ಹೇಳಿಕೆ

ಮೊದಲು ನಾವು ಕೂತಿದ್ದ ಜಾಗವನ್ನು ಹೇಳಿಬಿಡುತ್ತೇನೆ. ಅದೊಂದು ದೊಡ್ಡ ಬಿಳಿಯ ಡೇರೆ. ಒಳಗೆ ಉದ್ದುದ್ದ ಮರದ ಮೇಜುಗಳು, ಎರಡೂ ಬದಿಗೆ ಒರಗು ಇಲ್ಲದ ಬೆಂಚುಗಳು. ನಮ್ಮ ಬೆಂಚಿಗೂ ಹಿಂದಿನ ಸಾಲಿನವರ ಬೆಂಚಿಗೂ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ದಾಟುವಷ್ಟು ಸಂದು. ಕೆಳಗೆ ಹುಲ್ಲು ನೆಲ, ಅದರ ಮೇಲೆ ಹಲಗೆ ಹಾಸಿದ್ದರು; ಸಂದಿನಲ್ಲಿ ಮಾತ್ರ ಹುಲ್ಲು ಕಾಣುತ್ತಿತ್ತು. ಡೇರೆಯ ಬಾಗಿಲು ನಮ್ಮಿಂದ ಹದಿನಾಲ್ಕು ಮೇಜು ದೂರ. ಕೂತ ಕೂಡಲೇ ನಾನು ಎಣಿಸಿದ್ದೆ. ಶನಿವಾರ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಎಂಟು ಜನ ಕೂರಬೇಕಾದ ಬೆಂಚಿನಲ್ಲಿ ಹನ್ನೊಂದು ಜನ ಕೂತಿದ್ದೆವು. ನನ್ನ ಎಡ ಮೊಣಕೈ ಯಾರೋ ಅಪರಿಚಿತನ ಪಕ್ಕೆಗೆ ತಾಗುತ್ತಿತ್ತು. ಬಲಗಡೆ, ಬೆಂಚಿನ ತುದಿಯಲ್ಲಿ, ಧನಗೆರೆಯ ನನ್ನ ಗೆಳೆಯನಿದ್ದ.

ಎಣಿಸುವುದು, ಅಳೆಯುವುದು ಕೆಲಸದಿಂದ ನನಗೆ ಅಂಟಿದ ಅಭ್ಯಾಸ. ನಾನು ಮೂವತ್ತೊಂದು ವರ್ಷ ಗ್ರಾಮ ಲೆಕ್ಕಿಗನಾಗಿದ್ದೆ. ಹನೂರು, ಯಳಂದೂರು ಕಡೆಯ ಊರುಗಳಲ್ಲಿ ಹೊಲದ ಬದು, ಮಳೆಗೆ ಬಿದ್ದ ಗೋಡೆ, ಒತ್ತುವರಿಯಾದ ಬಂಡಿದಾರಿ ಇವನ್ನೆಲ್ಲ ನೋಡಿ ಮಹಜರು ಬರೆದವನು. ಸ್ಥಳಕ್ಕೆ ಹೋಗಿ, ಕಂಡದ್ದನ್ನು ಬರೆದು, ಊರಿನ ನಾಲ್ಕೈದು ಜನರಿಂದ ಸಾಕ್ಷಿ ಸಹಿ ಹಾಕಿಸಿಕೊಳ್ಳುವ ಕಾಗದಕ್ಕೆ ಮಹಜರು ಎನ್ನುತ್ತೇವೆ. ಸಹಿ ಹಾಕುವವರನ್ನು ಪಂಚರು ಎನ್ನುತ್ತೇವೆ. ನಿವೃತ್ತನಾದ ಮೇಲೆ ಕೊಳ್ಳೇಗಾಲದಲ್ಲೇ ಮನೆ ಮಾಡಿಕೊಂಡಿದ್ದೇನೆ. ಹುಟ್ಟಿದ ಊರು ಅಗರ.

ನಾವು ಮೂವರು. ಧನಗೆರೆಯ ಗೆಳೆಯ ರೇಷ್ಮೆ ಹುಳು ಸಾಕುವ ರೈತ, ಎರಡು ಎಕರೆ ಹಿಪ್ಪುನೇರಳೆ ಇಟ್ಟಿದ್ದಾನೆ. ದೊಡ್ಡ ಆಳು, ಮಾತು ಮೆತ್ತಗೆ. ಹನೂರಿನ ಗೆಳೆಯನದು ಪಂಪು, ಪೈಪಿನ ಅಂಗಡಿ. ಅವನ ಮನೆಯಲ್ಲಿ ಅಪ್ಪನ ಜೊತೆ ಕನ್ನಡ, ಅವ್ವನ ಜೊತೆ ತಮಿಳು. ಯಾವ ಮಾತು ಎಲ್ಲಿ ಮುಗಿದು ಯಾವುದು ಶುರುವಾಯಿತೆಂದು ಅವನಿಗೇ ತಿಳಿಯುವುದಿಲ್ಲ. ಪಿಯುಸಿ ಓದುವಾಗ ಕೊಳ್ಳೇಗಾಲದ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಆಮೇಲೂ ಬಿಡಲಿಲ್ಲ. ತಿಂಗಳಿಗೊಂದು ಭಾನುವಾರ ಸತ್ತೇಗಾಲದಲ್ಲಿ ಪರಿಚಯದವರೊಬ್ಬರ ತೆಂಗಿನ ತೋಟಕ್ಕೆ ಹೋಗಿ, ಪೇಪರ್ ಸುತ್ತಿಕೊಂಡು ತಂದ ಬಿಯರ್ ಬಾಟಲಿಗಳನ್ನು ಕಾಲುವೆ ನೀರಿನಲ್ಲಿ ಮುಳುಗಿಸಿಟ್ಟು, ತಣ್ಣಗಾದ ಮೇಲೆ ಕುಡಿದು, ಸಂಜೆಯ ಬಸ್ಸಿಗೆ ಮನೆಗೆ ಬರುವುದು ರೂಢಿ.

ಆ ತೋಟದಲ್ಲೇ ಹನೂರಿನವನು ವಿಷಯ ತೆಗೆದ.

“ಲೇ, ಬಿಯರ್‌ಗೇ ಅಂತ ಒಂದ್ ಅಬ್ಬ ಮಾಡ್ತಾರಂತೆ ಕಣ್ರುಲಾ. ಪಾರಿನ್‌ನಲ್ಲಿ. ನಮ್ ಪಂಪ್ ಕಂಪ್ನಿ ಏಜೆಂಟು ಓಗ್ ಬಂದವ್ನೆ. ಶುಕ್ರವಾರ ಓದ್ರೆ ಸೋಮವಾರ ಸಾಯಂಕಾಲ ಮನೇಲಿರ್ತೀವಿ.”

“ಅಬ್ಬ ಅಂದ್ಮೇಲೆ ಒಬ್ಬಟ್ಟು ಆಕ್ತಾರೇನ್ಲಾ?” ಎಂದ ಧನಗೆರೆಯವನು.

“ಒಬ್ಬಟ್ಟಲ್ಲ, ತೀರ್ಥ ಕೊಡ್ತಾರೆ. ಒಂದೊಂದ್ ಲೋಟ ನಮ್ಮಟ್ಟಿ ತಂಬಿಗೆಯಷ್ಟದೆ.”

“ಹುಳ ಬುಟ್ಟು ಎಂಗ್ಲಾ ಬರ್ಲಿ?”

“ಈ ಬೆಳೆ ಗೂಡು ಮಾರ್ಬುಟ್ಟು ಬಾ. ಮುಂದಿನ ಮರಿ ತರೋಕ್ ಮುಂಚೆ ನಾಕ್ ದಿನ ಸಿಕ್ತದಲ್ಲ. ಯಾವಾಗ್ಲೂ ಹುಳಿನ್ ಜತೇಲೇ ಮಲೀಕಂಡ್ರೆ ನೀನೂ ಗೂಡ್ ಕಟ್ಬುಡ್ತೀಯ.”

ಧನಗೆರೆಯವನ ಹೆಂಡತಿ ಇದನ್ನು ಕೇಳಿ ನನ್ನ ಮುಂದೆಯೇ ಅಂದದ್ದು ಒಂದೇ ಮಾತು: “ಕುಡಿಯಕ್ಕೆ ಅಷ್ಟ್ ದೂರ ಓಗ್ಬೇಕಾ ಅಣ್ಣ? ಕೊಳ್ಳೇಗಾಲ್ದಲ್ಲಿ ಅಂಗ್ಡಿಗಳೆಲ್ಲ ಬೀಗ ಆಕಂಡವಾ?” ಆಮೇಲೆ ಆಕೆಯೇ ಗಂಡನಿಗೆ ಹೊಸ ಶರ್ಟು ತೆಗೆಸಿಕೊಟ್ಟರು. ನೀಲಿ ಚೌಕಳಿಯ, ಕಾಲರು ಗಟ್ಟಿಯಾಗಿದ್ದ ಶರ್ಟು.

ಆ ದೇಶದ ಹೆಸರು ಇಲ್ಲಿ ಬೇಡ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ವಿಮಾನದಲ್ಲಿ ಕೂರಬೇಕು. ತಮಿಳು ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ಸಾಕು.

ಡೇರೆಯಲ್ಲಿ ಲೋಟಗಳು ಬಂದಾಗ ಹನೂರಿನವನು, “ಬರೀ ಕುಡುದ್ರೆ ಒಟ್ಟೆ ಉರೀತದೆ, ತಿನ್ನಕ್ಕೇನಾದ್ರೂ ತತ್ತೀನಿ,” ಎಂದು ಎದ್ದು ಹೋದ. ಜನರ ನಡುವೆ ಅವನ ಬೆನ್ನು ಎಂಟು ಮೇಜಿನವರೆಗೆ ನನಗೆ ಕಂಡಿತು, ಆಮೇಲೆ ಕಾಣಲಿಲ್ಲ. ಆಮೇಲಿನದು ನಡೆದಾಗ ಅವನು ಅಲ್ಲಿರಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ನಮ್ಮ ಕಡೆ ಕುಡಿಯುವವರಲ್ಲಿ ಒಂದು ಪದ್ಧತಿಯಿದೆ. ಮೊದಲ ಗುಟುಕಿಗೆ ಮುಂಚೆ ಬೆರಳು ಅದ್ದಿ ಮೂರು ಸಲ ನೆಲಕ್ಕೆ ಚಿಮುಕಿಸಬೇಕು. ಒಂದು ಭೂಮಿಗೆ, ಒಂದು ತೀರಿಕೊಂಡ ಹಿರಿಯರಿಗೆ. ಮೂರನೆಯದು ಯಾರಿಗೆಂದು ನಾವು ಕೇಳಿದವರಲ್ಲ. ನಾನೂ ಹನೂರಿನವನೂ ಇದನ್ನು ಎಂದೋ ಬಿಟ್ಟಿದ್ದೆವು. ಧನಗೆರೆಯವನು ಬಿಟ್ಟಿರಲಿಲ್ಲ. ಅವನ ಅಪ್ಪ ಮಾಡುತ್ತಿದ್ದರು, ಅವನು ಮಾಡುತ್ತಿದ್ದ. ಕಾಲ ಕೆಳಗೆ ನೋಡಿದ. ಹಲಗೆ. “ಮಣ್ಣೇ ಇಲ್ವಲ್ಲಾ ಇಲ್ಲಿ,” ಎಂದ. ಬಲಕ್ಕೆ ತಿರುಗಿ, ಹಿಂದಿನ ಸಂದಿನಲ್ಲಿದ್ದ ಹುಲ್ಲಿನ ಕಡೆ ಬಗ್ಗಿ, ಒಂದು ಹನಿ ಚಿಮುಕಿಸಿದ. ಎರಡನೆಯದನ್ನೂ ಚಿಮುಕಿಸಿದ. ಮೂರನೆಯ ಹನಿ ಹಾಕುವಾಗ ಹಿಂದೆ ಹೋಗುತ್ತಿದ್ದ ಯಾರದೋ ಸೊಂಟ ಅವನ ಮೊಣಕೈಗೆ ತಾಗಿತು. ಕೈ ಮೇಲೆದ್ದಿತು.

ಹನಿ ಹಿಂದಿನ ಬೆಂಚಿನ ಹೆಂಗಸಿನ ಕಣ್ಣಿಗೆ ಬಿತ್ತು. ಅವಳು ಆಗಷ್ಟೇ ಏನನ್ನೋ ನೋಡಲು ಈ ಕಡೆ ತಿರುಗಿದ್ದಳು. ಎರಡೂ ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಉಜ್ಜತೊಡಗಿದಳು. ಅವಳ ಪಕ್ಕದಲ್ಲಿದ್ದ ಗಂಡಸು ಎದ್ದ. ನಲವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಬೂದುಬಣ್ಣದ ಟೀ ಶರ್ಟು. ಅವನ ಭಾಷೆಯಲ್ಲಿ ಜೋರಾಗಿ ಏನೋ ಅಂದ. ಗೆಳೆಯ ಲೋಟ ಮೇಜಿನ ಮೇಲಿಟ್ಟು ಎದ್ದು, ಎರಡೂ ಕೈ ಜೋಡಿಸಿ, “ಸಾರಿ ಸಾ, ಸಾರಿ,” ಎಂದ. ಆ ಮನುಷ್ಯ ಗೆಳೆಯನ ಕಾಲರು ಹಿಡಿದ. ಎಡಗೈಯಿಂದ ಹಿಡಿದ. ಎರಡು ಸಲ ಎಳೆದ. ಎರಡನೆಯ ಸಲ ಎಳೆದಾಗ ಗೆಳೆಯ ತನ್ನ ಬಲ ಅಂಗೈಯನ್ನು ಅವನ ಎದೆಯ ಮೇಲಿಟ್ಟು ತಳ್ಳಿದ. ಒಂದೇ ಸಲ. ಸಿಟ್ಟು ಬಂದಿತ್ತೇ ಎಂದು ಆಮೇಲೆ ನನ್ನನ್ನು ಕೇಳಿದರು. ನನಗೆ ಮುಖ ಕಾಣಲಿಲ್ಲ, ಬೆನ್ನು ಕಾಣುತ್ತಿತ್ತು. ಆ ಮನುಷ್ಯ ಒಂದು ಹೆಜ್ಜೆ ಹಿಂದೆ ಹೋದ. ಅವನದೇ ಬೆಂಚು ಮೊಣಕಾಲ ಹಿಂಬದಿಗೆ ಹೊಡೆಯಿತು. ಬೆಂಚು ದಾಟಿ ಹಿಮ್ಮುಖವಾಗಿ ಬಿದ್ದ. ತಲೆಯ ಹಿಂಭಾಗ ಅವರ ಮೇಜಿನ ಅಂಚಿಗೆ ಬಡಿಯಿತು.

ಆ ಸದ್ದಿಗೆ ಜನ ತಿರುಗಿದರು. ಸದ್ದಿಗೆ ಮುಂಚೆ ತಿರುಗಿದವರನ್ನು ನಾನು ಕಾಣೆ. ಹೆಂಗಸು ಇನ್ನೂ ಕಣ್ಣು ಉಜ್ಜುತ್ತಿದ್ದಳು.

ಮನುಷ್ಯ ಹಲಗೆಯ ಮೇಲೆ ಅಂಗಾತ ಬಿದ್ದಿದ್ದ. ಕಣ್ಣು ಬಿಟ್ಟೇ ಇತ್ತು. ಬಲಗೈಯ ಬೆರಳುಗಳು ಮಾತ್ರ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತಿದ್ದವು. ಗೆಳೆಯ ಅವನ ಪಕ್ಕ ಮಂಡಿಯೂರಿ ಕೂತು, ಊರಿನಲ್ಲಿ ಯಾರಾದರೂ ಬಿದ್ದರೆ ಮಾಡುವ ಹಾಗೆ, ಅಂಗೈಯಿಂದ ಅವನ ಅಂಗಾಲು ತಿಕ್ಕತೊಡಗಿದ. ಬೂಟು ಬಿಚ್ಚಿಯೇ ತಿಕ್ಕಿದ. ಅದನ್ನು ಕಂಡ ಇಬ್ಬರು ಕಾವಲಿನವರು ಗೆಳೆಯನನ್ನು ಹಿಡಿದೆತ್ತಿದರು. ನಾನು ಎದ್ದು ನಿಂತೆ, ಎಲ್ಲಿಗೂ ಹೋಗಲಾಗಲಿಲ್ಲ. ಮುಂದೆ ಮೇಜು, ಹಿಂದೆ ಬೆಂಚು, ಎಡಕ್ಕೆ ಒಂಬತ್ತು ಜನ, ಬಲಕ್ಕೆ ಸ್ಟ್ರೆಚರ್ ಇಳಿಸುತ್ತಿದ್ದರು. ಮೇಲೆಲ್ಲೋ ಸಂಗೀತ ಇನ್ನೂ ನಡೆಯುತ್ತಿತ್ತು. ಯಾರೋ ನನ್ನ ಭುಜ ಮುಟ್ಟಿ, ನೀನು ಅವನ ಜೊತೆಯವನೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದೆಂದೆ.

ಮೈದಾನದ ಅಂಚಿನಲ್ಲಿ ಪೊಲೀಸರ ಕ್ಯಾಬಿನ್‌ಗಳಿದ್ದವು. ಲಾರಿ ಮೇಲೆ ಬರುವ ಕಬ್ಬಿಣದ ಪೆಟ್ಟಿಗೆಯಂಥವು, ಒಳಗೆ ಎ.ಸಿ. ನನ್ನನ್ನೂ, ಅಷ್ಟರಲ್ಲಿ ಕಾಗದದ ತಟ್ಟೆ ಹಿಡಿದುಕೊಂಡು ಓಡಿಬಂದಿದ್ದ ಹನೂರಿನವನನ್ನೂ ಒಂದರಲ್ಲಿ ಕೂರಿಸಿದರು. ಗೆಳೆಯನನ್ನು ಪಕ್ಕದ್ದಕ್ಕೆ ಕರೆದುಕೊಂಡು ಹೋದರು. ನಮ್ಮ ಪಾಸ್‌ಪೋರ್ಟು ತೆಗೆದುಕೊಂಡರು. ನಮ್ಮ ಕ್ಯಾಬಿನ್ನಿಗೆ ಕಿಟಕಿಯಿರಲಿಲ್ಲ. ಬಾಗಿಲು ಹೊರಗಿನಿಂದ ಬಟನ್ ಒತ್ತಿದರೆ ಮಾತ್ರ ತೆರೆಯುತ್ತಿತ್ತು. ನಾಲ್ಕು ಹೆಜ್ಜೆ ಉದ್ದ, ಎರಡೂವರೆ ಹೆಜ್ಜೆ ಅಗಲ. ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಒಂದು ಪ್ರಿಂಟರ್.

“ಏನಾಯ್ತ್ಲಾ? ಏಳ್ಲಾ ಬೇಗ,” ಎಂದ ಹನೂರಿನವನು. ಹೇಳಿದೆ. ಮೇಲೆ ಬರೆದಿರುವಷ್ಟನ್ನೇ ಹೇಳಿದೆ.

ಅವನು ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡ. “ತಳ್ಳಿದ್ದು ಬೇರೆ ಯಾರಾದ್ರೂ ನೋಡವ್ರಾ?”

“ಗೊತ್ತಿಲ್ಲ. ಇಲ್ಲ ಅನ್ಸುತ್ತೆ. ಆಯಮ್ಮ ಕಣ್ಣು ಮುಚ್ಕಂಡಿದ್ಲು.”

“ಅಂಗಾದ್ರೆ ಆಯ್ತು ಬುಡು. ಅವ್ನೇ ಬಿದ್ದ. ಕುಡ್ದಿದ್ದ, ಬೆಂಚು ತಗುಲ್ತು, ಬಿದ್ದ. ಬೆಂಚು ತಗುಲಿದ್ದು ನಿಜ ತಾನೇ? ತಳ್ಳಿದ್ದೊಂದ್ ಬುಟ್ಬುಡು. ಸೋಮವಾರ ಬೆಳಿಗ್ಗೆ ಪ್ಲೇನು. ಮೂರೂ ಜನ ಓಯ್ತೀವಿ.”

ಗೆಳೆಯ ನಮ್ಮ ಜೊತೆ ವಿಮಾನ ಹತ್ತುತ್ತಾನೋ ಇಲ್ಲವೋ ಎಂಬುದು ನಾನು ಏನು ಹೇಳುತ್ತೇನೆ ಎಂಬುದರ ಮೇಲಿದೆ ಎಂದು ನನಗೆ ಆಗ ಪೂರ್ತಿ ತಿಳಿಯಿತು. ಎ.ಸಿ. ನನ್ನ ಕತ್ತಿನ ಮೇಲೆ ನೇರವಾಗಿ ಬೀಸುತ್ತಿತ್ತು. ಕುರ್ಚಿ ಸರಿಸಲು ಜಾಗವಿರಲಿಲ್ಲ.

ಬಂದ ಅಧಿಕಾರಿ ನಲವತ್ತು ದಾಟಿದವನು, ಸೌಮ್ಯ ಮುಖ. ಕನ್ನಡ ಬಲ್ಲ ದುಭಾಷಿ ಸೋಮವಾರವೇ ಸಿಗುವುದು, ಅಲ್ಲಿಯವರೆಗೆ ಕಾಯುತ್ತೀರಾ, ಇಲ್ಲ ಈಗ ಮೊದಲ ಹೇಳಿಕೆ ಕೊಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹನೂರಿನವನು ತಕ್ಷಣ ತಮಿಳಿನಲ್ಲಿ, ಸಾರ್, ನಿಮಗೆ ತಮಿಳು ಬರುತ್ತಾ, ಇವನು ಹೇಳಿದ್ದನ್ನು ನಾನು ಹೇಳುತ್ತೇನೆ ಎಂದ. ಅಧಿಕಾರಿಯ ಮನೆಮಾತೇ ತಮಿಳು. ಅವನು ಕಂಪ್ಯೂಟರ್ ತೆರೆದು, ಸರಿ, ಇದು ಮೊದಲ ಹೇಳಿಕೆ ಮಾತ್ರ, ಎಂದು ನನ್ನ ಕಡೆ ತಿರುಗಿದ.

“ಎನ್ನ ಪಾತ್ತೀಂಗ?” ಏನು ಕಂಡಿರಿ.

ನಾನು ಕನ್ನಡದಲ್ಲಿ ಶುರುಮಾಡಿದೆ. ಹನಿ ಚಿಮುಕಿಸಿದ್ದು, ಕಣ್ಣಿಗೆ ಬಿದ್ದದ್ದು, ಕೈ ಜೋಡಿಸಿದ್ದು, ಕಾಲರು ಹಿಡಿದದ್ದು. ಹನೂರಿನವನು ಒಂದೊಂದನ್ನೂ ಸರಿಯಾಗಿಯೇ ತಮಿಳಿಗೆ ದಾಟಿಸಿದ. ಆಮೇಲೆ ನಾನು, “ನನ್ನ ಗೆಳೆಯ ಬಲಗೈಯಿಂದ ಅವನ ಎದೆಗೆ ತಳ್ಳಿದ. ಒಂದು ಸಲ,” ಎಂದೆ.

ಹನೂರಿನವನು ನನ್ನ ಮುಖ ನೋಡಲಿಲ್ಲ. ಅಧಿಕಾರಿಯನ್ನು ನೋಡಿಕೊಂಡು, ಧ್ವನಿ ಸ್ವಲ್ಪವೂ ಬದಲಾಗದೆ, “ಇವರ್ ತೊಡವೇ ಇಲ್ಲೆ ಸಾರ್. ಅಂದ ಆಳು ತಾನಾ ವಿಳುಂದುಟ್ಟಾರ್,” ಎಂದ. ಗೆಳೆಯ ಮುಟ್ಟಲೇ ಇಲ್ಲ, ಆ ಮನುಷ್ಯ ತಾನಾಗಿಯೇ ಬಿದ್ದುಬಿಟ್ಟ ಎಂದು.

ಗಡಿ ಕಡೆಯ ಊರುಗಳಲ್ಲಿ ಆರು ವರ್ಷ ಕೆಲಸ ಮಾಡಿದವನು ನಾನು. ಅರ್ಜಿ ಹಿಡಿದು ಬಂದವರ ತಮಿಳು ಕೇಳಿ ಕೇಳಿ ಅಷ್ಟು ಅರ್ಥವಾಗುತ್ತದೆ. ಅದು ಹನೂರಿನವನಿಗೂ ಗೊತ್ತು. ಅಂದರೆ ಅವನು ಅಧಿಕಾರಿಗೆ ಹೇಳುತ್ತಲೇ ನನಗೂ ಹೇಳುತ್ತಿದ್ದ.

ಅಧಿಕಾರಿ ಟೈಪು ಮಾಡಿದ. ಪ್ರಿಂಟರ್ ಒಂದು ಹಾಳೆ ಹೊರಹಾಕಿತು. ನನ್ನ ಮುಂದಿಟ್ಟು, ಓದಿ ಸಹಿ ಮಾಡಿ ಎಂದು ಪೆನ್ನು ಕೊಟ್ಟ. ಇಂಗ್ಲಿಷು ನನಗೆ ಮಾತಾಡಲು ಕಷ್ಟ, ಓದಲು ಬರುತ್ತದೆ. ಹದಿಮೂರು ಸಾಲು. ಹನ್ನೆರಡು ಸಾಲು ನಾನು ಕಂಡದ್ದೇ. ಹತ್ತನೆಯ ಸಾಲು ಮಾತ್ರ ಅಲ್ಲ.

ಆಗ ನನ್ನೊಳಗೆ ನಡೆದದ್ದನ್ನು ದೊಡ್ಡದು ಮಾಡದೆ ಬರೆಯಬೇಕು. ಮೂವತ್ತೊಂದು ವರ್ಷ ನಾನು ಬರೆದ ಮಹಜರುಗಳಲ್ಲಿ ಎಷ್ಟೋ ಮಹಜರುಗಳಿಗೆ ಪಂಚರು ಸ್ಥಳಕ್ಕೆ ಬಂದಿರಲಿಲ್ಲ. ನಾನು ನೋಡಿ ಬರೆಯುತ್ತಿದ್ದೆ. ಕೆಲವೊಮ್ಮೆ ನಾನೂ ನೋಡದೆ ಬರೆಯುತ್ತಿದ್ದೆ. ಆಮೇಲೆ ಊರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರನ್ನು ಕರೆದು ಸಹಿ ಹಾಕಿಸುತ್ತಿದ್ದೆ. ಕಾಗದದಲ್ಲಿ “ನಾವು ಪಂಚರು ಸ್ಥಳದಲ್ಲಿ ಹಾಜರಿದ್ದು ಕಣ್ಣಾರೆ ಕಂಡಂತೆ” ಎಂದು ಇರುತ್ತಿತ್ತು. ಯಾರೂ ಓದುತ್ತಿರಲಿಲ್ಲ. ಯಳಂದೂರು ಕಡೆ ಒಬ್ಬ ಮುದುಕರು ಮಾತ್ರ ಪೆನ್ನು ಹಿಡಿದು ಕೂತುಬಿಟ್ಟಿದ್ದರು. “ಏನ್ ಬರ್ದಿದ್ದೀರಿ ಸಾ, ವಸಿ ಓದೇಳಿ,” ಎಂದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. “ಗೋಡೆ ಬಿದ್ದದೆ ಅಂತ ಬರ್ದಿದೀನಿ ಕಣಯ್ಯ, ಹಾಕು,” ಎಂದು ರೇಗಿದೆ. ಅವರು ಹಾಕಿದರು. ಗೋಡೆ ಬಿದ್ದಿತ್ತು, ನಿಜ. ಅದು ಮಳೆಗೆ ಬಿತ್ತೋ ಅಣ್ಣತಮ್ಮಂದಿರು ಕೆಡವಿದರೋ ಎಂಬುದೇ ಆ ಕಾಗದದ ವಿಷಯವಾಗಿತ್ತು, ನಾನು ಮಳೆ ಎಂದು ಬರೆದಿದ್ದೆ. ಆಮೇಲೆ ಆ ಮನೆಯವರಿಗೆ ಏನಾಯಿತೆಂದು ನಾನು ವಿಚಾರಿಸಲಿಲ್ಲ.

ಈಗ ಪೆನ್ನು ನನ್ನ ಕೈಯಲ್ಲಿತ್ತು.

“ಸೈನ್ ಆಕ್ಲಾ,” ಎಂದ ಹನೂರಿನವನು. ಅಧಿಕಾರಿಗೆ ಅರ್ಥವಾಗದಂತೆ ಹಳ್ಳಿಯ ಕನ್ನಡದಲ್ಲಿ, ನಗುನಗುತ್ತಲೇ ಅಂದ. “ಏನ್ ನೋಡ್ತೀಯ ಅದ್ನ? ಮದ್ವೆ ಲಗ್ನಪತ್ರ್ಕೆನಾ ಅದು?”

“ನೀನು ಅಲ್ಲಿರ್ಲಿಲ್ಲ ಕಣ್ಲಾ.”

“ಇರ್ಲಿಲ್ಲ. ಅದ್ಕೇ ಏಳ್ತಾ ಇವ್ನಿ. ನೀನೂ ಇರ್ಲಿಲ್ಲ ಅನ್ಕೋ. ಅವ್ನ್ ಎಂಡ್ರುಗೆ ಏನಂತ ಏಳ್ತೀಯ? ನಿಮ್ ಗಂಡುನ್ನ ಬುಟ್ಬುಟ್ಟು ಬಂದ್ವಿ ಕಣವ್ವ ಅಂತ್ಲಾ?”

“ಬಿದ್ದವ್ನು ಸತ್ರೆ?”

“ಸಾಯಲ್ಲ. ಸತ್ರೂ ನೀನು ಸೈನ್ ಆಕ್ದೆ ಇದ್ರೆ ಎದ್ದು ಬತ್ತಾನಾ?”

ಆ ಹೊತ್ತಿಗೆ ಬಾಗಿಲು ತೆರೆದು ಯಾರೋ ಅಧಿಕಾರಿಗೆ ಒಂದು ಚೀಟಿ ಕೊಟ್ಟರು. ತೆರೆದ ಬಾಗಿಲಿನಲ್ಲಿ ಆ ಹೆಂಗಸು ಕಂಡಳು. ಎದುರಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಗಂಡನ ಒಂದು ಬೂಟು ಅವಳ ತೊಡೆಯ ಮೇಲಿತ್ತು. ಪೊಲೀಸ್ ಹೆಂಗಸೊಬ್ಬಳು ಬಗ್ಗಿ ಏನೋ ಕೇಳುತ್ತಿದ್ದಳು, ಇವಳು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಏನಾಯಿತೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲವೆನ್ನುತ್ತಿದ್ದಾಳೆ ಎಂದು ನನಗೆ ಅನಿಸಿತು. ಬಾಗಿಲು ಮುಚ್ಚಿತು. ನಾಲ್ಕೈದು ಸೆಕೆಂಡು ಇರಬಹುದು.

ನಾನು ಹತ್ತನೆಯ ಸಾಲಿನ ಮೇಲೆ ಬೆರಳಿಟ್ಟೆ. ನನ್ನ ಹರುಕು ತಮಿಳಿನಲ್ಲಿ, ಸಾರ್, ಇದು ತಪ್ಪು ಎಂದೆ. ಎದ್ದು ನಿಂತು ನನ್ನ ಬಲ ಅಂಗೈಯನ್ನು ಗಾಳಿಯಲ್ಲಿ ಮುಂದಕ್ಕೆ ತಳ್ಳಿ ತೋರಿಸಿದೆ. ಒಂದು ಸಲ. ಆಮೇಲೆ ಎಡಗೈಯಿಂದ ನನ್ನದೇ ಕಾಲರು ಹಿಡಿದು ಎರಡು ಸಲ ಎಳೆದು, ಇದು ಮೊದಲು, ಅದು ಆಮೇಲೆ ಎಂದೆ. ಅಧಿಕಾರಿ ನನ್ನನ್ನು ನೋಡಿದ, ಹನೂರಿನವನನ್ನು ನೋಡಿದ. ಹನೂರಿನವನಿಗೆ ಹೊರಗೆ ಹೋಗಿ ಕೂರಲು ಹೇಳಿದ. ಅವನು ಏಳುವಾಗ ಮಂಡಿಯ ಮೇಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಅದನ್ನು ಎತ್ತಲಿಲ್ಲ.

ಅಧಿಕಾರಿ ನಿಧಾನವಾಗಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಕೇಳುತ್ತ ಹೊಸ ಹಾಳೆ ಬರೆದ. ಈ ಸಲ ಹದಿನಾರು ಸಾಲಾಯಿತು. ನಾನು ಎರಡು ಸಲ ಓದಿ ಸಹಿ ಮಾಡಿದೆ. ಸಹಿ ನನ್ನದರಂತೆ ಇರಲಿಲ್ಲ. ಪಾಸ್‌ಪೋರ್ಟಿನ ಸಹಿಯ ಜೊತೆ ಹೋಲಿಸಿ ನೋಡಿ, ಇನ್ನೊಂದು ಸಲ ಮಾಡಿ ಎಂದ. ಮಾಡಿದೆ.

ನಮ್ಮಿಬ್ಬರನ್ನು ಬಿಟ್ಟರು. ಗೆಳೆಯನನ್ನು ಬಿಡಲಿಲ್ಲ, ನೋಡಲೂ ಬಿಡಲಿಲ್ಲ. ಭಾನುವಾರ ಇಡೀ ದಿನ ಹೋಟೆಲಿನ ಕೋಣೆಯಲ್ಲಿದ್ದೆವು. ಗೆಳೆಯನ ಮಂಚದ ಮೇಲೆ ಅವನ ಟವಲು ಮಡಚಿಟ್ಟ ಹಾಗೇ ಇತ್ತು. ಹನೂರಿನವನು ಫೋನಿನಲ್ಲಿ ಪಂಪ್ ಕಂಪನಿಯ ಏಜೆಂಟನ ಕಡೆಯಿಂದ ವಕೀಲರೊಬ್ಬರನ್ನು ಹುಡುಕಿದ, ನಮ್ಮ ದೇಶದ ರಾಯಭಾರ ಕಚೇರಿಗೆ ಫೋನು ಮಾಡಿದ, ಎಲ್ಲವನ್ನೂ ಅವನೇ ಮಾಡಿದ. ನನ್ನ ಜೊತೆ ಮಾತಾಡಲಿಲ್ಲ. ಒಂದು ಸಲ ಮಾತ್ರ, ಕಿಟಕಿ ಕಡೆ ತಿರುಗಿಕೊಂಡು, “ಗೌರ್ಮೆಂಟ್ ಕೆಲ್ಸ ಬುಟ್ಟು ಎಲ್ಡ್ ವರ್ಷ ಆಯ್ತು, ಇಂವಿನ್ನೂ ರಿಪೋರ್ಟ್ ಬರೀತಾವ್ನೆ,” ಎಂದ. ಸೋಮವಾರ ವಿಮಾನದಲ್ಲಿ ಮೂರು ಸೀಟಿನ ಸಾಲು ನಮ್ಮದು. ಕಿಟಕಿಯಲ್ಲಿ ಅವನು, ಈ ತುದಿಯಲ್ಲಿ ನಾನು. ನಾಲ್ಕೂವರೆ ಗಂಟೆ ನಡುವಿನ ಸೀಟು ಖಾಲಿಯಿತ್ತು, ಇಬ್ಬರೂ ಅತ್ತ ಸರಿಯಲಿಲ್ಲ.

ಧನಗೆರೆಗೆ ಹೋಗಿ ಹೇಳುವುದು ನನ್ನ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ ಬೇರೆ ಯಾರೂ ಹೋಗದಿರಲೆಂದು ನಾನೇ ಹೋದೆ. ಅಷ್ಟರಲ್ಲಿ ಅವರ ಮನೆಗೆ ಹನೂರಿನವನ ಫೋನು ಬಂದಾಗಿತ್ತು. ಗೆಳೆಯನ ಹೆಂಡತಿ ಹುಳುಮನೆಯ ಜಗಲಿಯ ಮೇಲೆ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದರು. ಹೊಸ ಮರಿ ತರುವ ದಿನ ಹತ್ತಿರವಿತ್ತು.

“ಕುಂತ್ಕಳಿ ಅಣ್ಣ,” ಎಂದರು. ಕಾಫಿ ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಏನೂ ಕೇಳಲಿಲ್ಲ. ಲೋಟ ಕೆಳಗಿಟ್ಟ ಮೇಲೆ, “ನೀವ್ ಒಂದ್ ಮಾತು ಏಳ್ದೆ ಇದ್ದಿದ್ರೆ ಅವ್ರೂ ಬತ್ತಿದ್ರಂತೆ. ಔದಾ?” ಎಂದರು.

“ಇರಬಹುದು ಕಣಮ್ಮ.”

“ನೀವ್ ಏಳಿದ್ದು ಸುಳ್ಳಾ?”

“ಅಲ್ಲ. ನಿಜ.”

ಆಕೆ ಇನ್ನೊಂದು ಒದ್ದೆ ತಟ್ಟೆಯನ್ನು ಬಿಸಿಲಿಗೆ ಒರಗಿಸಿದರು. “ಅಂಗಾರೆ ಬುಡಿ,” ಎಂದರು. ಅದರ ಧ್ವನಿಯನ್ನು ನಾನು ಇಲ್ಲಿ ಬರೆಯಲಾರೆ. ನನ್ನ ಜೊತೆ ಗೇಟಿನವರೆಗೆ ಬಂದರು, ಯಾವಾಗಲೂ ಬರುತ್ತಿದ್ದರು. ಯಾವಾಗಲೂ ಅನ್ನುತ್ತಿದ್ದ “ಮತ್ತೆ ಬನ್ನಿ” ಎಂಬ ಮಾತನ್ನು ಅನ್ನಲಿಲ್ಲ.

ಊರಿಗೆ ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಧನಗೆರೆಯ ಒಬ್ಬರು ನನ್ನನ್ನು ನೋಡಿ, ಪಕ್ಕದವರಿಗೆ ಕೇಳುವಂತೆ, “ಸಾಕ್ಷಿ ಸಾಹೇಬ್ರು ಬಂದ್ರು, ಜರುಗ್ರಪ್ಪಾ,” ಎಂದರು. ಕೆಲವರು ಒಳ್ಳೆಯದು ಮಾಡಿದಿರಿ ಎಂದರು. ಅವರ ಮುಖ ನೋಡಿದರೆ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ನಾನು ಮನೆಯಿಂದ ಹೊರಗೆ ಹೋಗುವುದನ್ನು ಕಡಿಮೆ ಮಾಡಿದೆ. ಹೊಸಿಲಿನಿಂದ ಗೇಟಿಗೆ ಒಂಬತ್ತು ಹೆಜ್ಜೆ. ಹೋಗಿ ಬರುತ್ತಿದ್ದೆ. ದಿನಕ್ಕೆರಡು ಸಲ ವಕೀಲರ ನಂಬರಿಗೆ ಮೆಸೇಜು ಕಳಿಸುತ್ತಿದ್ದೆ. ಬಿದ್ದ ಮನುಷ್ಯನ ತಲೆಬುರುಡೆ ಬಿರುಕು ಬಿಟ್ಟಿತ್ತು. ಆರನೆಯ ದಿನ ಮಾತಾಡಿದ. ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಮನೆಗೆ ಹೋದ. ಮೆಸೇಜು ಓದಿ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗೆಳೆಯನನ್ನು ಮೊದಲ ನಾಲ್ಕು ದಿನ ಲಾಕಪ್ಪಿನಲ್ಲಿ, ಆಮೇಲೆ ಒಂದು ಲಾಡ್ಜಿನಲ್ಲಿ ಇಟ್ಟಿದ್ದರು. ಪಾಸ್‌ಪೋರ್ಟು ಅವರ ಬಳಿ, ದಿನಾ ಬೆಳಿಗ್ಗೆ ಹೋಗಿ ಸಹಿ ಹಾಕಬೇಕು. ಕಾಲರು ಮೊದಲು ಹಿಡಿದದ್ದು ತಾನೇ ಎಂದು ಆ ಮನುಷ್ಯನೂ ಒಪ್ಪಿಕೊಂಡ. ದಂಡ ಹಾಕಿ, ಕ್ಷಮಾಪಣೆ ಬರೆಸಿಕೊಂಡು, ಇಪ್ಪತ್ತಮೂರನೆಯ ದಿನ ಕಳಿಸಿದರು.

ಅವನು ಬಂದು ಒಂಬತ್ತು ದಿನವಾದ ಮೇಲೆ ನಾನು ಧನಗೆರೆಗೆ ಹೋದೆ. ಅದಕ್ಕೆ ಮುಂಚೆ ಎರಡು ಸಲ ಹೊರಟು ಬಸ್ ಸ್ಟ್ಯಾಂಡಿನಿಂದ ಹಿಂದಿರುಗಿದ್ದೆ. ಅವನು ಹುಳುಮನೆಯೊಳಗಿದ್ದ. ಹೆಂಡತಿ ಅವನಿಲ್ಲದಾಗಲೂ ಮರಿ ತಂದು ಸಾಕಿದ್ದರು; ಹುಳುಗಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪು ತಿನ್ನುತ್ತಿದ್ದವು. ತುಂತುರು ಮಳೆಯಂಥ ಆ ಸದ್ದು ಕೋಣೆ ತುಂಬ ಇತ್ತು. ಅವನು ತೆಳ್ಳಗಾಗಿದ್ದ. ಸೊಪ್ಪು ಹರಡುತ್ತಲೇ ನನ್ನನ್ನು ನೋಡಿದ.

“ಚಪ್ಲಿ ಬುಟ್ ಬಾ,” ಎಂದ. ಹುಳುಮನೆಗೆ ಬರುವ ಯಾರಿಗಾದರೂ ಹೇಳುವ ಮಾತು ಅದು.

ಒಳಗೆ ಹೋಗಿ ನಿಂತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಯಾವುದೂ ನೆನಪಾಗಲಿಲ್ಲ. “ನಾನ್ ಏಳ್ದೆ ಕಣ್ಲಾ,” ಎಂದೆ. ಅವನ ಮುಂದೆ ನನ್ನ ಬಾಯಲ್ಲಿ ಹಾಸ್ಟೆಲ್ಲಿನ ಕನ್ನಡವೇ ಬರುವುದು. “ನೀನು ತಳ್ದೆ ಅಂತ ಏಳ್ದೆ.”

“ಗೊತ್ತು.”

“ಅದ್ರಿಂದ್ಲೇ ನಿನ್ನ ಅಲ್ಲಿ ಇಟ್ಕಂಡ್ರು.”

ಅವನು ಒಂದು ತಟ್ಟೆ ಮುಗಿಸಿ ಮುಂದಿನದಕ್ಕೆ ಹೋದ. “ನಿನ್ನಿಂದ ಅಲ್ಲ. ಆ ಆಪೀಸರು ಕುಂತ್ಕ ಅನ್ನಕ್ ಮುಂಚೇನೇ ನಾನ್ ಏಳ್ಬುಟ್ಟಿದ್ದೆ. ಐ ಪುಶ್ ಸಾ ಅಂತ. ತಿಳಿನಿಲ್ವೇನೋ ಅಂತ ಕೈ ಮಾಡಿ ತೋರುಸ್ದೆ. ನಿನ್ ಹತ್ರ ಬರೋ ಒತ್ಗೆ ಅವ್ನಿಗೆ ಎಲ್ಲಾ ಗೊತ್ತಿತ್ತು.”

ಮೂವತ್ತೆರಡು ದಿನ ನನ್ನ ಎದೆಯ ಮೇಲೆ ಕೂತಿದ್ದದ್ದು ಏಳುತ್ತಿದೆ ಎನಿಸಿತು. ಆ ಮೊದಲ ಹಾಳೆಗೇ ನಾನು ಸಹಿ ಮಾಡಿದ್ದರೂ ಅವನು ವಿಮಾನ ಹತ್ತುತ್ತಿರಲಿಲ್ಲ. ನನ್ನ ಮಾತಿನಿಂದ ಅವನಿಗೆ ಏನೂ ಆಗಿರಲಿಲ್ಲ. “ಅಂಗಾರೆ…” ಎಂದೆ. ನಗು ಬಂದಿರಬೇಕು ನನ್ನ ಮುಖದ ಮೇಲೆ. ಅದನ್ನು ಅವನು ಕಂಡ.

“ಅದು ನಿಂಗೆ ಗೊತ್ತಿತ್ತಾ?” ಎಂದ.

“ಏನು?”

“ನಾನ್ ಏಳ್ಬುಟ್ಟಿವ್ನಿ ಅಂತ.”

“ಇಲ್ಲ.”

“ಗೊತ್ತಿಲ್ದೆ ಏಳ್ದೆ ನೀನು.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವನು ಯಾವತ್ತೂ ಮೆತ್ತಗೇ ಮಾತಾಡುವವನು. “ನನ್ ತಪ್ಪು ನಾನ್ ಏಳದು ಒಂದು ಕಣ್ಲಾ. ನೀನ್ ಏಳದು ಬೇರೆ.”

ಅವನ ಮಾತು ತಪ್ಪೆಂದು ನನಗೆ ಅನಿಸಲಿಲ್ಲ. ನಾನು ಮಾಡಿದ್ದು ತಪ್ಪೆಂದೂ ಅನಿಸಲಿಲ್ಲ. ಎರಡನ್ನೂ ಹಿಡಿದುಕೊಂಡು ಆ ತಟ್ಟೆಗಳ ಸಾಲಿನ ನಡುವೆ ನಿಂತಿದ್ದೆ. ಅವನು ಆ ತುದಿಗೆ ಹೋಗಿದ್ದ. ಬುಟ್ಟಿಯಲ್ಲಿ ಇನ್ನೂ ಸೊಪ್ಪಿತ್ತು. ನಾನು ಒಂದು ತೆಕ್ಕೆ ತೆಗೆದುಕೊಂಡು ಈ ತುದಿಯ ತಟ್ಟೆಗೆ ಹರಡತೊಡಗಿದೆ. ಅವನು ನೋಡಿದ, ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. “ಅಷ್ಟ್ ದಪ್ಪ ಆಕ್ಬೇಡ, ಬೆವರ್ತವೆ,” ಎಂದ. ತೆಳುವಾಗಿ ಹಾಕಿದೆ. ಎರಡು ಕಡೆಯಿಂದ ಹಾಕುತ್ತ ಬಂದು ನಡುವಿನ ತಟ್ಟೆಯಲ್ಲಿ ಮುಗಿಯಿತು.

ಕೈ ತೊಳೆದು ಚಪ್ಪಲಿ ಮೆಟ್ಟುವಾಗ ಅವನು ಬಾಗಿಲಿಗೆ ಬಂದು ನಿಂತ. “ಮುಂದಿನ್ ವಾರ ಬರ್ಬೇಡ,” ಎಂದ. “ಹುಳ ಅಣ್ಣಾಯ್ತವೆ. ಗೂಡಿಗೆ ಬುಡೋ ಕೆಲ್ಸ, ಮಾತಾಡಕ್ಕೆ ಬಿಡುವಾಗಕ್ಕಿಲ್ಲ.”

ಆಗಲಿ ಎಂದೆ. ಅದರ ಮುಂದಿನ ವಾರದ ವಿಷಯ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.